ಬ್ಯಾರೆ ಒಲಿ

ಹೊಳೆಯ ನೀರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ ಆ ಮಳೆಗಾಲದಲ್ಲಿ ನಾವು ಇಚಲಕರಂಜಿಯ ಒಂದು ಶಾಲೆಯಲ್ಲಿ ಇದ್ದೆವು. ಶಿರೋಳ ಕಡೆಯ ಹೊಳೆಸಾಲಿನ ಜನವೆಲ್ಲ ಅಲ್ಲಿಗೇ ಬಂದಿದ್ದರು. ಬೆಂಚುಗಳನ್ನು ಗೋಡೆಗೆ ಒತ್ತಿ, ಒಂದೊಂದು ಕೋಣೆಯಲ್ಲಿ ನಾಲ್ಕೈದು ಮನೆಯವರು ಚಾಪೆ ಹಾಸಿಕೊಂಡಿದ್ದೆವು. ನನ್ನ ಗಂಡ ಹಾಲಸಿದ್ದ ಮತ್ತು ಮಗ ದೀಪಕ ಎಮ್ಮೆಗಳನ್ನು ಹೊಡೆದುಕೊಂಡು ನನ್ನ ತವರು ಸುಳಕೂಡಕ್ಕೆ ಹೋಗಿದ್ದರು. ಶಾಲೆಯಲ್ಲಿ ಉಳಿದವರು ನಾನು, ನನ್ನ ಅತ್ತೆ ಗಂಗುಬಾಯಿ, ಸೊಸೆ ಪೂನಮ.

ಪೂನಮಳ ತವರು ಅದೇ ಊರಿನಲ್ಲಿ, ಮಗ್ಗದ ಗಲ್ಲಿಯಲ್ಲಿ. ನಾವು ಬಂದ ದಿನವೇ ಅವಳ ತಂದೆ ಛತ್ರಿ ಹಿಡಿದು ಬಂದು, ಮೇಲಿನ ಕೋಣೆ ಖಾಲಿ ಇದೆ, ಎಲ್ಲರೂ ಬನ್ನಿ ಎಂದು ಕರೆದಿದ್ದರು. ಹಾಲಸಿದ್ದ ಫೋನಿನಲ್ಲೇ ಬೇಡ ಎಂದುಬಿಟ್ಟ. "ಬೀಗರ ಮನ್ಯಾಗ ಗಂಟುಮೂಟಿ ತುಗೊಂಡ ಹೋಗಿ ಇರೂದ ಹ್ಯಾಂಗ? ಸಾಲ್ಯಾಗ ಇರ್ರಿ." ಪೂನಮ ತಂದೆಯನ್ನು ಗೇಟಿನವರೆಗೆ ಕಳಿಸಿ ಬಂದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರದ ಹುಡುಗಿ. ಅವಳ ಮಾತು ಮರಾಠಿ. ನಮ್ಮ ಕನ್ನಡವನ್ನು ದಿನಾ ಒಂದೊಂದು ಹಿಡಿಯಂತೆ ಕಲಿಯುತ್ತಿದ್ದಳು.

ಊಟಕ್ಕೆ ಕಡಿಮೆ ಇರಲಿಲ್ಲ. ದೊಡ್ಡ ಪಾತೇಲಿಗಳಲ್ಲಿ ಖಿಚಡಿ ಬರುತ್ತಿತ್ತು, ಬರುವಷ್ಟರಲ್ಲಿ ಆರಿರುತ್ತಿತ್ತು. ಅಲ್ಲಿ ಇಲ್ಲದ್ದು ಬಿಸಿ ಒಂದೇ. ನೆಲ ತಂಪು, ಗೋಡೆ ತಂಪು, ಉಟ್ಟ ಸೀರೆಯೂ ಹಸಿ. ಅತ್ತೆ ಕಂಬಳಿಯಲ್ಲಿ ಮುದುಡಿ ಕೂತು, "ಚನ್ನವ್ವಾ, ಒಂದ ಗುಟುಕ ಬಿಸಿನೀರ ಸಿಕ್ಕೀತೇನ?" ಎಂದು ಕೇಳುತ್ತಿದ್ದಳು. ಶಾಲೆಯೊಳಗೆ ಗ್ಯಾಸ್ ತರುವಂತಿರಲಿಲ್ಲ.

ಅಡಿಗೆಯವರು ಬಿಸಾಡಿದ ಎಣ್ಣೆಯ ಡಬ್ಬಿಯೊಂದನ್ನು ಎತ್ತಿಕೊಂಡು ಬಂದೆ. ಕೈಗೆ ತಾನಾಗಿಯೇ ದಾರಿ ಗೊತ್ತಿತ್ತು. ಕೆಳಗೆ ಒಂದು ಬದಿಗೆ ಬಾಯಿ ಕೊರೆದೆ, ನಡುವೆ ಕಬ್ಬಿಣದ ಸರಳು ತೂರಿಸಿದೆ, ಒಳಗೆ ಮಣ್ಣು ಮೆತ್ತಿದೆ. ಮಣ್ಣಿನೊಳಗೆ ಅತ್ತೆಯ ಕಂಬಳಿಯ ಹರಿದ ಅಂಚಿನಿಂದ ಹಿರಿದ ಉಣ್ಣೆ ಕಲಸಿದ್ದೆ. ಎತ್ತಿ ಒಯ್ಯಲು ಮೇಲೆ ತಂತಿಯ ಹಿಡಿಕೆ. ವರಾಂಡದಲ್ಲಿಟ್ಟು ಸಣ್ಣ ಉರಿಯಲ್ಲಿ ಒಣಗಿಸುತ್ತಿದ್ದಾಗ ಬಂದ ಆ ವಾಸನೆ, ಹಸಿ ಮಣ್ಣು ಮತ್ತು ಸುಟ್ಟ ಉಣ್ಣೆಯದು, ನನ್ನನ್ನು ಹುಡುಗಿಯಾಗಿದ್ದ ಕಾಲಕ್ಕೆ ಒಯ್ದಿತು.

ನನ್ನ ಅವ್ವ ಮಲಕವ್ವನ ಒಲೆ ಇಂಥದೇ. ಅಪ್ಪ ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಗಂಟುಗಳು ಕುದುರೆಯ ಮೇಲೆ, ಒಲೆ ಅವ್ವನ ತಲೆಯ ಮೇಲೆ. ಕೆಂಡದ ಮೇಲೆ ಬೂದಿ ಮುಚ್ಚಿ ಹೊರಡುತ್ತಿದ್ದಳು. ಬಿಡಾರ ಹೂಡಿದ ಒಂದು ತಳದಲ್ಲಿ ಹೊತ್ತಿಸಿದ ಬೆಂಕಿ ಮುಂದಿನ ತಳದವರೆಗೂ ಆರುತ್ತಿರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ನಾವು ಮಕ್ಕಳು ಅವಳಿಗೆ ಅಂಟಿಕೊಂಡೇ ನಡೆಯುತ್ತಿದ್ದೆವು. ನಿಂತಲ್ಲಿ ಅವಳು ಒಲೆ ಇಳಿಸಿದರೆ ನಮ್ಮ ಕೈಗಳು ಮೊದಲು ಅದರ ಹೊಟ್ಟೆಗೆ.

ಅದೇ ಒಲೆಯ ಮುಂದೆ ಇನ್ನೊಂದನ್ನೂ ನೋಡಿದ್ದೆ. ಚಿಕ್ಕವ್ವ ಒಲೆ ಬೇರೆ ಮಾಡಿದ ದಿನ. ನಮ್ಮಲ್ಲಿ ಮನೆ ಒಡೆಯಿತು ಎಂದು ಯಾರೂ ಹೇಳುವುದಿಲ್ಲ; ಒಲಿ ಬ್ಯಾರೆ ಆತು ಅನ್ನುತ್ತಾರೆ, ಅಷ್ಟೇ. ಹೊಸ ಒಲೆಗೆ ಕಡ್ಡಿ ಗೀರುವ ರೂಢಿಯಿಲ್ಲ, ಹಿರಿಯಳು ತನ್ನ ಒಲೆಯ ಕೆಂಡ ಕೊಡಬೇಕು. ಅವ್ವ ಒಂದು ಮಾತೂ ಆಡದೆ ಹಂಚಿನ ಚೂರಿನಲ್ಲಿ ಕೆಂಡ ಒಯ್ದು ಅವಳ ಒಲೆಗೆ ಸುರಿದು ಬಂದಳು. ಆಮೇಲೆ ರೊಟ್ಟಿಗೆ ಕೂತವಳು ಎಂದಿನಂತೆ ಎಲ್ಲರಿಗೂ ಆಗುವಷ್ಟು ಹಿಟ್ಟು ಸುರಿದುಕೊಂಡು, ಸ್ವಲ್ಪ ಹೊತ್ತು ನೋಡಿ, ಅರ್ಧವನ್ನು ಮತ್ತೆ ಚೀಲಕ್ಕೆ ಹಾಕಿದಳು.

ಡಬ್ಬಿ ಒಲೆ ಹೊತ್ತಿದ ಮೇಲೆ ನಮ್ಮ ಕೋಣೆಗೆ ಚಹಾ ಬಂತು. ಪಕ್ಕದ ಚಾಪೆಯ ರೂಪಾಲಿ, ನಮ್ಮೂರಿನವಳೇ, ಸುದ್ದಿ ಇಲ್ಲದಿದ್ದರೆ ಅನ್ನ ಇಳಿಯದವಳು, ಲೋಟ ಹಿಡಿದು ಕೂತಳು. "ಚನ್ನಕ್ಕಾ, ನಿನ್ನ ಹೊಟೇಲ ಚಲೋ ನಡದೈತಿ ಬಿಡ."

ಆಗಲೇ ಪೂನಮ ನನ್ನೆದುರು ಬಂದು ನಿಂತು, ಪಾಠ ಒಪ್ಪಿಸುವವಳಂತೆ ಹೇಳಿದಳು: "ಆಯಿ, ನನಗ ಬ್ಯಾರೆ ಒಲಿ ಬೇಕ್ರಿ. ನಾನs ಮಾಡತೇನಿ."

ರೂಪಾಲಿ ಲೋಟ ಕೆಳಗಿಟ್ಟಳು. "ಅಯ್ಯ, ಸಾಲ್ಯಾಗನs ಬ್ಯಾರೆ? ಊರಿಗೆ ಹೋಗೂತನಾರ ತಡೀಬಾರದೇನವಾ?"

ಪೂನಮ ನಕ್ಕಳು. "ಇಲ್ರಿ ಮಾವಶಿ, ಈಗs ಬೇಕು." 

"ಮಾಡ್ಕೋವಾ," ಎಂದೆ. ಕೊಡ ತೆಗೆದುಕೊಂಡು ನಲ್ಲಿಯ ಕಡೆ ಹೋದೆ.

ಆಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದುತ್ತಾ ಹೋಯಿತು. ಅವಳು ವರಾಂಡದ ಮೂಲೆಯಲ್ಲಿ ದೀಪಕನ ಜೊತೆ ಫೋನಿನಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಮಳೆಯ ಸದ್ದಿನಲ್ಲಿ ನನ್ನ ಕಿವಿಗೆ ಬಿದ್ದದ್ದು "ವರಚೀ ಖೋಲೀ" ಒಂದೇ. ಮೇಲಿನ ಕೋಣೆ. ಸರಿ, ಅಲ್ಲಿಗೇ ಹೋಗುತ್ತಾರೆ ಅಂದುಕೊಂಡೆ. ಅವಳ ತಂದೆ ಬಣ್ಣದ ಖಾಲಿ ಡಬ್ಬಿಯನ್ನೂ ಒಂದು ಚೀಲವನ್ನೂ ತಂದುಕೊಟ್ಟು ಹೋದರು. ಅವಳು ನನ್ನ ಒಲೆಯನ್ನು ನೋಡಿ ನೋಡಿ ಬಾಯಿ ಕೊರೆದಳು, ಮಣ್ಣು ತುಳಿದಳು. ಉಣ್ಣೆಗಾಗಿ ಅತ್ತೆಯ ಹತ್ತಿರ ಹೋದಾಗ, ಆ ಮುದುಕಿ ಕಂಬಳಿಯ ಅಂಚನ್ನು ತಾನೇ ಹಿರಿಹಿರಿದು ಅವಳ ಅಂಗೈಗೆ ಹಾಕಿದಳು. ಅದು ನನ್ನನ್ನು ಹೆಚ್ಚು ಚುಚ್ಚಿತು. ಅತ್ತೆಗೂ ಗೊತ್ತು, ಅತ್ತೆಗೂ ಒಪ್ಪಿಗೆ.

ಸೊಸೆ ಬೇರೆ ಹೋಗುವುದು ಈಗ ದೊಡ್ಡ ಮಾತಲ್ಲ. ಆದರೆ ಹೆಣ್ಣುಮಕ್ಕಳಿಲ್ಲದ ನನಗೆ, ಬೆಳಿಗ್ಗೆ ಎದ್ದು ಒಬ್ಬಳ ಬಳೆಯ ಸದ್ದು ಕೇಳುವುದು ರೂಢಿಯಾಗಿಬಿಟ್ಟಿತ್ತು. ಅವಳು ತಪ್ಪು ತಪ್ಪು ಕನ್ನಡದಲ್ಲಿ ಎಮ್ಮೆಯನ್ನು ಬೈಯುವುದು, ಎಮ್ಮೆ ಕೇಳದೆ ನಿಲ್ಲುವುದು, ನಾನು ಒಳಗೇ ನಗುವುದು. ಇದನ್ನೆಲ್ಲ ಅವಳಿಗೆ ಎಂದಾದರೂ ಹೇಳಿದ್ದೆನೇ? ಹೇಳುವ ಮಾತು ಅನ್ನಿಸಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಒಲೆ ಒಣಗಿತ್ತು. ಪುಟ್ಟದು, ಒಂದು ಕಡೆ ವಾಲಿತ್ತು. ಚೀಲ ಸುರಿದಳು, ಮಗ್ಗದ ಹಳೇ ಕಟ್ಟಿಗೆಯ ಕಾಂಡಿಗಳು, ನೂಲು ಸುತ್ತಿ ಸುತ್ತಿ ನುಣುಪಾದವು. ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡಳು.

"ತಡಿ," ಎಂದೆ.

ಒಡೆದ ಹಂಚಿನ ಚೂರನ್ನು ನನ್ನ ಒಲೆಗೆ ತೂರಿಸಿ ಕೆಂಡ ತೆಗೆದೆ. ಅವ್ವ ಒಂದು ಮಾತೂ ಆಡಿರಲಿಲ್ಲ, ನಾನೂ ಆಡಬಾರದು ಎಂದು ನಿಶ್ಚಯ ಮಾಡಿದ್ದೆ. ಕೆಂಡ ಸುರಿದು ಏಳುವಾಗ ಕಣ್ಣು ತುಂಬಿತು.

"ಆಯಿ, ಧೂರ ಹೋತೇನ್ರಿ ಕಣ್ಣಾಗ?"

"ಹೊಗಿ ಅಲ್ಲ. ಚಂದಾಗಿ ಇರ್ರಿ ಇಬ್ಬರೂ. ಹಬ್ಬಕ್ಕಾರ ಬರ್ರಿ."

"ಎಲ್ಲಿಂದ ಬರೂದ್ರಿ?"

"ಮ್ಯಾಲಿನ ಖೋಲಿಂದ."

ಪೂನಮ ನನ್ನನ್ನೇ ನೋಡಿದಳು. "ಮ್ಯಾಲಿನ ಖೋಲ್ಯಾಗ ಕಾಂಡಿ ಚೀಲ ಇತ್ತ್ರಿ. ನಮ್ಮ ಬಾಬಾಗ ಹೇಳಂತ ಇವರಿಗೆ ಫೋನ ಮಾಡಿದ್ನಿ, ಬಾಬಾ ನನ್ನ ಫೋನ ಎತ್ತಲಿಲ್ಲ. ಯಾಕ್ರಿ?"

"ಮತ್ತ ನಿನಗ ಬ್ಯಾರೆ ಒಲಿ ಯಾತಕ್ಕ?"

"ಅಜ್ಜಿಗ್ರಿ. ನಿಮ್ಮ ಒಲಿ ಹೊಗಿಗೆ ಕೆಮ್ಮತಾರ. ಇದರಾಗ ಬರೇ ಕೆಂಡ ಹಾಕಿ ಬಗಲಾಗ ಇಟ್ಟರ ಕಾಲಿಗೆ ಗರಮ ಇರತೈತಿ." ಬೆರಳಿನಿಂದ ಒಂದು ಒಲೆ ತೋರಿಸಿದಳು, ಆಮೇಲೆ ಇನ್ನೊಂದು. "ಹೀ ಏಕ, ಹೀ ದುಸರೀ. ದುಸರೀ ಅಂದರ ಬ್ಯಾರೆ, ಹೌದಲ್ಲರಿ?"

ಹೌದು. ನಾನೇ ಕಲಿಸಿದ್ದು. ಈ ಸೀರಿ ಬ್ಯಾಡ, ಬ್ಯಾರೆ ಸೀರಿ ತಾ. ಈ ತಾಟ ಬ್ಯಾಡ, ಬ್ಯಾರೆ ತಾಟ ತಾ. ಒಲೆಗೆ ಮಾತ್ರ ಆ ಮಾತು ಹಚ್ಚುವುದಿಲ್ಲ ಎಂದು ಕಲಿಸಿರಲಿಲ್ಲ.

"ಒಲಿಗೆ ಇನ್ನೊಂದು ಅನ್ನಬೇಕವಾ. ಬ್ಯಾರೆ ಅಂದರ ಮನಿ ಬಿಟ್ಟ ಹೋದಂಗ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಅಗ ಆಯಿ ಗ. ಅದಕ್ಕs ನಿನ್ನೆಯಿಂದ ಮಾತಾಡಲಿಲ್ಲೇನ್ರಿ? ಮಣ್ಣ ಸರಿ ಕಲಸಿಲ್ಲಂತ ಸಿಟ್ಟ ಆಗೀರಿ ಅನಕೊಂಡ್ನಿ."

ಬಾಗಿಲಲ್ಲಿ ಕಿವಿ ಕೊಟ್ಟು ನಿಂತಿದ್ದ ರೂಪಾಲಿ ಒಳಗೆ ತಿರುಗಿ ಎಲ್ಲರಿಗೂ ಕೇಳುವಂತೆ ಸಾರಿದಳು. "ಕೇಳಿದ್ರೇನ, ಬ್ಯಾರೆ ಆದಾಕಿ ಗಂಗುಬಾಯಿ, ಸೊಸಿ ಅಲ್ಲ."

ಅತ್ತೆಗೆ ಕಿವಿ ಮಂದ. ಕೆಂಡ ತುಂಬಿದ ಪುಟ್ಟ ಒಲೆ ಕಾಲ ಬಳಿ ಬಂದಾಗ ಕಂಬಳಿ ಸರಿಸಿ ಪಾದ ಚಾಚಿದಳು. "ಯಾರ ಬ್ಯಾರೆ ಆದ್ರs ನನಗೇನ," ಎಂದಳು, "ಈ ಒಲಿ ನಂದು. ಯಾರಿಗೂ ಕೊಡೂದಿಲ್ಲ."

ನೀರಿಳಿದ ಮೇಲೆ ಟ್ರ್ಯಾಕ್ಟರಿನಲ್ಲಿ ಊರಿಗೆ ಹೊರಟೆವು. ನನ್ನ ದೊಡ್ಡ ಡಬ್ಬಿಯನ್ನು ಅಲ್ಲಿಯೇ ಉಳಿದವರಿಗೆ ಬಿಟ್ಟೆ. ಪೂನಮ ಪುಟ್ಟ ಒಲೆಯನ್ನು ಹಿಡಿಕೆ ಹಿಡಿದು ಕಾಲ ಸಂದಿನಲ್ಲಿ ಇಟ್ಟುಕೊಂಡಿದ್ದಳು. ಕೆಂಡದ ಮೇಲೆ ಬೂದಿ ಮುಚ್ಚಿತ್ತು. ಹಾಗೆ ಮುಚ್ಚುವುದನ್ನು ನಾನು ಹೇಳಿಕೊಟ್ಟಿರಲಿಲ್ಲ, ನನ್ನ ಕೈ ನೋಡಿ ಕಲಿತಿರಬೇಕು. ದಾರಿಯಲ್ಲಿ ಮತ್ತೆ ಹನಿ ಶುರುವಾಯಿತು. ನಾನು ಅವಳ ಪಕ್ಕಕ್ಕೆ ಸರಿದು ಅಂಟಿಕೊಂಡು ಕೂತೆ.