ತಂತಿ ಸುತ್ತಿದ ಕೈ

"ಏನ್ ಮುಂಡೇರೇ, ಹೆಣಕ್ಕೆ ಹೊದಿಸ್ತಾ ಇದೀರಾ? ಬೇಗ ಎಳೀರಿ. ಆಸ್ಪತ್ರೆ ಬಟ್ಟೆ ಒಯ್ಯೋ ಗಾಡಿ ಬಾಗಿಲಲ್ಲಿ ನಿಂತು ಬಾಯಿ ಬಡ್ಕೋತಿದೆ."

ಮೇಸ್ತ್ರಿ ಹೀಗೆ ಕೂಗುತ್ತಿದ್ದಾಗ ಒದ್ದೆ ಹಾಸುಬಟ್ಟೆಯ ಒಂದು ತುದಿ, ಎತ್ತರಕ್ಕೆ ಎಲ್ಲರೂ ಉದ್ದಕ್ಕ ಎಂದು ಕರೆಯುತ್ತಿದ್ದವಳ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ಓರಗಿತ್ತಿಯ ಕೈಯಲ್ಲಿ. ಅಣ್ಣತಮ್ಮಂದಿರ ಹೆಂಡಿರು. ಮನೆಯಲ್ಲಿ ಇಬ್ಬರಿಗೂ ಒಂದೇ ಒಲೆ, ಈ ಲಾಂಡ್ರಿಯಲ್ಲಿ ಒಂದೇ ಮೆಷಿನ್. ಬಟ್ಟೆಯನ್ನು ಜಾಡಿಸಿ, ಸುಕ್ಕು ಬಿಡಿಸಿ, ಕಾದ ಉರುಳೆಗಳ ಬಾಯಿಗೆ ಕೊಡಬೇಕು. ಅದು ಆಚೆ ಬದಿಗೆ ಒಣಗಿ, ಇಸ್ತ್ರಿಯಾಗಿ ಬರುತ್ತದೆ. ಅಲ್ಲಿ ಮಡಿಸುವ ಹೆಂಗಸರು ಸಾಲಾಗಿ ನಿಂತಿರುತ್ತಾರೆ.

ಉರುಳೆಗಳ ಮುಂದೆ ಅಡ್ಡಕ್ಕೊಂದು ಗಾರ್ಡ್ ಪಟ್ಟಿ ಇತ್ತು. ಅದಕ್ಕೆ ಕೈ ತಾಕಿದರೆ ಸಾಕು, ಮೆಷಿನ್ ನಿಲ್ಲುತ್ತಿತ್ತು. ಕಷ್ಟವೇನೆಂದರೆ, ದಪ್ಪ ಬಟ್ಟೆ ತಾಕಿದರೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಬೈಗಳು. ಕೊನೆಗೆ ಮೇಸ್ತ್ರಿ ಒಂದು ತುಂಡು ತಂತಿ ತಂದು ಉದ್ದಕ್ಕನ ಕೈಗೆ ಕೊಟ್ಟಿದ್ದ. "ಆ ಪಟ್ಟೀನ ಮೇಲಕ್ಕೆತ್ತಿ ಕಂಬಿಗೆ ಸುತ್ತಿಬಿಡು. ದೇವರು ಒಂಟೆ ಥರ ಬೆಳೆಸಿರೋದು ಯಾಕೆ ನಿನ್ನ?" ಅವಳು ಸುತ್ತಿದ್ದಳು, ಭದ್ರವಾಗಿ. ಕೆಲಸ ಅಂದ ಮೇಲೆ ಅರೆಬರೆ ಮಾಡಿ ಗೊತ್ತಿರಲಿಲ್ಲ ಅವಳಿಗೆ.

ಆಸ್ಪತ್ರೆ ಗಾಡಿ ಕಾಯುತ್ತಿದ್ದ ಆ ಹೊತ್ತಿನಲ್ಲೇ ಬಟ್ಟೆಯ ಅಂಚು ಓರಗಿತ್ತಿಯ ಬೆರಳಿಗೆ ಸುತ್ತಿಕೊಂಡಿತು. ಬಟ್ಟೆ ಹೋದ ಕಡೆಗೆ ಕೈಯೂ ಹೋಯಿತು. ಉದ್ದಕ್ಕ ಹಾರಿ ಮೆಷಿನ್ ನಿಲ್ಲಿಸುವ ಕೆಂಪು ಗುಂಡಿ ಒತ್ತುವಷ್ಟರಲ್ಲಿ ಮಣಿಕಟ್ಟಿನವರೆಗೆ ಉರುಳೆಯೊಳಗಿತ್ತು.

ಆಂಬುಲೆನ್ಸ್ ಕರೆಸುವ ಮೊದಲು ಮೇಸ್ತ್ರಿ ಮಾಡಿದ ಕೆಲಸ ಎಂದರೆ, ಇಕ್ಕಳ ತಂದು ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡದ್ದು. ಆಮೇಲೆ ಉದ್ದಕ್ಕನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕಟ್ಟಿದ ಕೈ ಯಾರ್ದು ಅಂತ ಗೊತ್ತಲ್ಲ? ಬಾಯಿ ಮುಚ್ಕೊಂಡಿರು. ನಿಂಗೇ ಒಳ್ಳೇದು."

ಕಂಪನಿ ನಡೆಸಿದ ವಿಚಾರಣೆಯ ದಿನ ಮ್ಯಾನೇಜರ್ ಅವಳನ್ನು ತನ್ನ ಕೋಣೆಗೆ ಕರೆಸಿದ. ಕೂರು ಅಂದ. ಆ ಕೋಣೆಯಲ್ಲಿ ಅದುವರೆಗೆ ಯಾರೂ ಅವಳಿಗೆ ಕೂರು ಅಂದಿರಲಿಲ್ಲ. ಟೀ ತರಿಸಿದ.

"ಗಾರ್ಡ್ ಕಟ್ಟಿಹಾಕಿತ್ತು ಅಂತಾಳೆ ನಿನ್ನ ಓರಗಿತ್ತಿ. ಮೇಸ್ತ್ರಿನೇ ಕಟ್ಟಿಸಿದ್ದಂತೆ. ನೀನು ಪಕ್ಕದಲ್ಲೇ ಇದ್ದೆಯಲ್ಲ, ನೋಡಿದ್ಯಾ?"

"ಇಲ್ಲ ಸಾರ್. ನಾನು ನೋಡಿಲ್ಲ."

"ಮಾತಾಡ್ತಾ ಮೈಮರೆತಿದ್ಲು, ಅಲ್ವಾ?"

ಉದ್ದಕ್ಕ ತಲೆ ಬಗ್ಗಿಸಿದಳು. ಹೂಂ ಎಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಆದರೆ ಟೀ ಪೂರ್ತಿ ಕುಡಿದದ್ದು ನೆನಪಿತ್ತು. ಸಕ್ಕರೆ ಸರಿಯಾಗಿತ್ತು ಎಂಬುದೂ ನೆನಪಿತ್ತು. ಮುಂದೆ ಊಟಕ್ಕೆ ಕೂತಾಗಲೆಲ್ಲ ಆ ಸಿಹಿ ಗಂಟಲಲ್ಲಿ ಎದ್ದು ಬರುತ್ತಿತ್ತು.

ತಪ್ಪು ಕೆಲಸದವಳದ್ದೇ, ಕಂಪನಿಗೆ ಸಂಬಂಧವಿಲ್ಲ ಎಂದು ತೀರ್ಮಾನವಾಯಿತು. ಓರಗಿತ್ತಿ ಮನೆಯಲ್ಲಿ ಉಳಿದಳು. ಕೈಗೆ ಬ್ಯಾಂಡೇಜು. ಒಂದೇ ಕೈಯಲ್ಲಿ ಈರುಳ್ಳಿ ಹೆಚ್ಚಲು ಹೋಗುವಳು. ಅದು ಉರುಳಿ ಒಲೆಯ ಕೆಳಗೆ ಸೇರುವುದು. ಉದ್ದಕ್ಕ ಬಗ್ಗಿ ಎತ್ತಿಕೊಡುವಳು. ಓರಗಿತ್ತಿಯ ಮಗಳಿಗೆ ಜಡೆ ಹಾಕುವುದೂ ಈಗ ಉದ್ದಕ್ಕನೇ. "ದೊಡ್ಡಮ್ಮ, ಅಮ್ಮ ಇಷ್ಟು ಬಿಗಿಯಾಗಿ ಕಟ್ಟಲ್ಲ" ಎಂದಿತು ಮಗು ಒಂದು ದಿನ. ಉದ್ದಕ್ಕನ ಕೈ ಅಲ್ಲೇ ನಿಂತುಹೋಯಿತು.

ಆ ಸಂಜೆ ಸಂಘದಕ್ಕ ಮನೆಗೆ ಬಂದಳು. ಮಡಿಸುವವರಲ್ಲಿ ಹಳಬಳು. ಲಾಂಡ್ರಿಯಲ್ಲಿ ಸಂಘ ಕಟ್ಟಲು ಓಡಾಡುತ್ತಿದ್ದದ್ದಕ್ಕೆ ಆ ಹೆಸರು ಬಿದ್ದಿತ್ತು. ಓರಗಿತ್ತಿ ಆಗಲೇ ಸೇರಿದ್ದಳು. ಉದ್ದಕ್ಕ ಸೇರಿರಲಿಲ್ಲ.

ಮಂಚದ ಮೇಲೆ ಮಲಗಿದ್ದ ಉದ್ದಕ್ಕನ ಗಂಡ ಎದ್ದು ಕೂತ. "ನಮ್ ಹಳೇ ಫ್ಯಾಕ್ಟರೀಲೂ ಸಂಘ ಇತ್ತು ಕಣಮ್ಮ. ಮುಷ್ಕರ ಮಾಡಿ ಹೊಟ್ಟೆಗಿಲ್ಲದೆ ಒಣಗ್ತಿದ್ವಿ. ಲೀಡರ್ ಬಡ್ಡಿಮಗ ಮಾಲೀಕನ ಕಾರಲ್ಲೇ ಬಂದಿಳಿದು, ಒಪ್ಪಂದ ಆಯ್ತು ಒಳಗೆ ಹೋಗಿ ಅಂದ. ಯಾರನ್ನ ಕೇಳಿ ಒಪ್ಕೊಂಡ?"

"ಅದನ್ನೇ ನಾನೂ ಕೇಳ್ತೀನಿ. ಯಾರನ್ನ ಕೇಳಿ ಒಪ್ಕೊಂಡ? ನೀವೆಲ್ಲ ಯಾಕೆ ಕೇಳ್ಲಿಲ್ಲ?" ಎಂದಳು ಸಂಘದಕ್ಕ. "ಲೀಡರ್ ಒಳ್ಳೇವ್ನು ಅಂತ ನಂಬ್ಕೊಂಡು ಸೇರೋದಲ್ಲಣ್ಣ. ಕೆಟ್ಟೋನಾದ್ರೆ ಕೈ ಎತ್ತಿ ಇಳಿಸೋಕೆ ಸೇರೋದು. ನಮ್ಮಲ್ಲಿ ಇಬ್ರನ್ನ ನಾವೇ ಆರಿಸ್ತೀವಿ. ಅವ್ರು ಹೋಗಿ ಮಾತಾಡ್ತಾರೆ, ಬಂದು ನಮ್ ಮುಂದೆ ಹೇಳ್ತಾರೆ, ನಾವು ಹೂಂ ಅಂದ್ರೇನೆ ಒಪ್ಪಂದ. ನಾನು ತಪ್ಪು ಮಾಡಿದ್ರೆ ನನ್ನೂ ಇಳಿಸಿ."

"ಮ್ಯಾನೇಜರ್ ಕೆಲಸದಿಂದ ತೆಗೆದ್ರೆ?" ಎಂದ ಗಂಡ.

"ತೆಗೀಬಹುದು. ಸುಳ್ಳು ಯಾಕೆ ಹೇಳ್ಲಿ? ಒಬ್ಳು ಬಾಯಿ ಬಿಟ್ರೆ ಒಬ್ಳನ್ನ ತೆಗೀತಾನೆ. ಎಲ್ರೂ ಬಿಟ್ರೆ ಆಸ್ಪತ್ರೆ ಬಟ್ಟೆ ಅವ್ನ ಹೆಂಡ್ತಿ ಒಗೀತಾಳಾ?" ಅವಳು ಉದ್ದಕ್ಕನ ಕಡೆ ತಿರುಗಿದಳು. "ಗಾರ್ಡ್ ವಿಷಯ ನಾವು ಮತ್ತೆ ಎತ್ತಬೇಕು. ಕಣ್ಣಾರೆ ನೋಡ್ದೋರು ಒಬ್ರಾದ್ರೂ ಬೇಕು. ನೀನು ನಿಜವಾಗ್ಲೂ ನೋಡಿಲ್ವಾ?"

"ಇಲ್ಲ" ಎಂದಳು ಉದ್ದಕ್ಕ. ಓರಗಿತ್ತಿ ಗೋಡೆಗೊರಗಿ ಕೂತು ತನ್ನ ಬ್ಯಾಂಡೇಜನ್ನೇ ನೋಡುತ್ತಿದ್ದಳು.

ಸಂಘದಕ್ಕ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಉದ್ದಕ್ಕನ ಬಳಿ ಓರಗಿತ್ತಿ ಬಂದು ನಿಂತಳು.

"ನೀನು ಕಟ್ಟಿದ್ದು ಅಂತ ನಾನು ಯಾರಿಗೂ ಹೇಳಿಲ್ಲಕ್ಕ."

ಪಾತ್ರೆ ಕೈಯಿಂದ ಜಾರಿತು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನನ್ನ ಮುಂದಿಟ್ಟು ಅವ್ನು ತಪ್ಪಿಸ್ಕೋತಿದ್ದ. ಆಮೇಲೆ..." ಅವಳು ಜಾರಿದ ಪಾತ್ರೆಯನ್ನು ಒಂದೇ ಕೈಯಲ್ಲಿ ಎತ್ತಿಟ್ಟಳು. "ನೀನು ಕಟ್ಟುವಾಗ ನಾನೂ ಅಲ್ಲೇ ಇದ್ನಲ್ಲ. ಬೇಡ ಅನ್ಲಿಲ್ಲ. ಸದ್ಯ ಇನ್ನು ಬೈಗಳು ತಪ್ತು ಅನ್ಕೊಂಡೆ."

ಅವಳು ಬೈದಿದ್ದರೆ, ಕೂದಲು ಹಿಡಿದು ಎಳೆದಾಡಿದ್ದರೆ ಉದ್ದಕ್ಕ ತಡೆದುಕೊಳ್ಳುತ್ತಿದ್ದಳು. ನಲ್ಲಿ ತಿರುಗಿಸಿ ನೀರು ಜೋರು ಮಾಡಿದಳು. ಅಳು ಆ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು.

ಮರುದಿನ ಮೆಷಿನ್ನಿನ ಆ ತುದಿಯಲ್ಲಿ ಹೊಸಬಳೊಬ್ಬಳು ನಿಂತಿದ್ದಳು. ಬಟ್ಟೆ ಹಿಡಿಯುವುದೂ ಇನ್ನೂ ಸರಿಯಾಗಿ ಬಾರದು. ಪಟ್ಟಿಗೆ ಬಟ್ಟೆ ತಾಕಿಸಿ ಮೆಷಿನ್ ನಿಲ್ಲಿಸುತ್ತಲೇ ಇದ್ದಳು. ಮೇಸ್ತ್ರಿ ಅವಳ ತಾಯಿತಂದೆಯನ್ನೆಲ್ಲ ಬೈದು ಮುಗಿಸಿ, ಹೋಗಿ ತಂತಿ ತಂದ.

"ತಗೋ ಉದ್ದಕ್ಕ. ನಿಂಗೆ ಅಭ್ಯಾಸ ಇದೆಯಲ್ಲ."

ತಂತಿ ಅವಳ ಅಂಗೈಯಲ್ಲಿತ್ತು. ಒಂದು ಹಾಸುಬಟ್ಟೆ ಅರ್ಧ ಒಳಗೆ ಹೋಗಿತ್ತು. ಅವಳು ಕೆಂಪು ಗುಂಡಿ ಒತ್ತಿದಳು. ಉರುಳೆ ನಿಂತಿತು. ಗದ್ದಲವೆಲ್ಲ ಒಮ್ಮೆಲೇ ಅಡಗಿ, ಆಚೆ ಬದಿಯವರು ತಲೆ ಎತ್ತಿ ನೋಡಿದರು.

"ಹೋದ ಸಲ ಇದನ್ನ ಕಟ್ಟಿದ್ದು ನಾನು" ಎಂದಳು ಉದ್ದಕ್ಕ. "ಕಟ್ಟು ಅಂದಿದ್ದು ಈ ಮನುಷ್ಯ. ನೋಡಿಲ್ಲ ಅಂತ ನಾನು ಸುಳ್ಳು ಹೇಳಿದೆ. ನನ್ ಓರಗಿತ್ತಿ ಕೈ ಹೋಗಿದ್ದು ಅವಳ ತಪ್ಪಿಂದಲ್ಲ."

"ಲೇ, ತಲೆ ಕೆಟ್ಟಿದ್ಯೇನೇ? ಜೈಲಿಗೆ ಹೋಗ್ತೀಯ. ಮೆಷಿನ್ ಮತ್ತೆ ಶುರು ಮಾಡು."

"ಹೋಗ್ತೀನಿ. ನಿನ್ನನ್ನೂ ಕರ್ಕೊಂಡೇ ಹೋಗ್ತೀನಿ ಬೋಳಿಮಗನೆ. ಈ ಹುಡುಗಿ ಕೈ ಹೋಗೋ ಹಾಗೆ ಮಾತ್ರ ನಾನು ಮತ್ತೆ ಕಟ್ಟಲ್ಲ."

ಸಂಘದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ನೀನಾ?" ಎಂದಳು. ಉದ್ದಕ್ಕನನ್ನೇ ನೋಡುತ್ತ ನಿಂತಳು. ಆ ನೋಟ ಉದ್ದಕ್ಕನಿಗೆ ಮೇಸ್ತ್ರಿಯ ಬೈಗಳಿಗಿಂತ ಭಾರವಾಯಿತು. ಆಮೇಲೆ ಸಂಘದಕ್ಕ ಮೆಷಿನ್ ಸುತ್ತಿಕೊಂಡು ಈಚೆ ಬಂದಳು. ಪಕ್ಕದಲ್ಲಿ ನಿಂತಳು. ಮೈಗೆ ಮೈ ತಾಕದಷ್ಟು ದೂರ ಬಿಟ್ಟು.

"ಮ್ಯಾನೇಜರ್ ಇಲ್ಲಿಗೇ ಬರ್ಲಿ" ಎಂದಳು ಮೇಸ್ತ್ರಿಗೆ. "ಅವ್ರ ಕೋಣೆಗೆ ಒಬ್ಬೊಬ್ರೇ ಹೋಗೋದು ಇನ್ನು ಸಾಕು."

ಮಡಿಸುವವರಲ್ಲಿ ಕೆಲವರು ಅವಳ ಹಿಂದೆ ಬಂದರು. ಉಳಿದವರು ಬಾಗಿಲನ್ನೂ ಗಡಿಯಾರವನ್ನೂ ನೋಡುತ್ತ ಅಲ್ಲೇ ನಿಂತರು. ನಿನ್ನೆಯವರೆಗೆ ತಾನೂ ಅವರ ಹಾಗೇ ಹೆದರಿ ನಿಂತಿದ್ದವಳು ಎಂದು ಉದ್ದಕ್ಕ ಅವರ ಮುಖ ನೋಡಲಿಲ್ಲ.

ನಿಂತರೂ ಕಾದೇ ಇದ್ದ ಉರುಳೆಗಳ ನಡುವೆ ಹಾಸುಬಟ್ಟೆ ಸಿಕ್ಕಿಕೊಂಡಿತ್ತು. ಬಿಳಿಯ ಮೇಲೆ ಹಳದಿ ಹರಡಿತು. ಹಳದಿ ಕಂದು ಬಣ್ಣವಾಯಿತು. ತೆಳ್ಳಗೆ ಹೊಗೆ ಎದ್ದಿತು.

"ಸುಡ್ತಿದೆ, ಎಳೀರೇ ಯಾರಾದ್ರೂ" ಎಂದು ಮೇಸ್ತ್ರಿ ಕೂಗಿಕೊಂಡ. ತಾನು ಮಾತ್ರ ಉರುಳೆಯ ಹತ್ತಿರ ಹೋಗಲಿಲ್ಲ.

ಯಾರೂ ಎಳೆಯಲಿಲ್ಲ. ಹೊಸಬಳು ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಗೆ ಒತ್ತಿ ನಿಂತಿದ್ದಳು.