ಭುಜದೊಳಗಿನ ಗುಳಿಗೆ

ಕೇಕಿನ ಎರಡನೆಯ ಪದರಕ್ಕೆ ಚೆರ್ರಿಯ ಸಿಹಿಮದ್ಯ ಸವರುವಾಗ ಕಲೀಮಾ ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದಿಟ್ಟಿದ್ದಳು. ಹಿಮದ ಗಾಳಿ ನೇರವಾಗಿ ಕುತ್ತಿಗೆಗೆ ಬಡಿಯುತ್ತಿತ್ತು. ಬ್ರಷ್ಷನ್ನು ಅದ್ದಿ, ಅಂಚಿನಿಂದ ನಡುವಿಗೆ ಎಳೆದು, ಕೇಕು ಹೀರಿಕೊಳ್ಳುವವರೆಗೆ ಕಾದು, ಮತ್ತೆ ಅದ್ದುತ್ತಿದ್ದಳು. ಒಂದು ಲೋಟ ಪೂರ್ತಿ ಹಿಡಿಯಿತು. ಆಮೇಲೆ ಕೆನೆ. ಕೆನೆಯ ಮೇಲೆ, ಬೇಸಗೆಯಿಂದ ಮದ್ಯದಲ್ಲಿ ನೆನೆದು ಕಪ್ಪಾದ ಹಣ್ಣುಗಳು. ಅವರ ಊರು ತೊಕ್ಮೊಕ್‌ನಲ್ಲಿ ಈ ಕೇಕಿಗೆ ‘ಕುಡುಕ ಚೆರ್ರಿ’ ಎನ್ನುತ್ತಾರೆ. ಮರುದಿನ ಅವಳು ಕೆಲಸ ಮಾಡುವ ಶಿಶುವಿಹಾರದ ಮುಖ್ಯಸ್ಥೆಯ ಹುಟ್ಟುಹಬ್ಬ. ಅವರಿಗೆ ಇದೇ ಬೇಕಾಗಿತ್ತು.

"ಕಿಟಕಿ ಹಾಕೇ, ಸತ್ತೋಗ್ತೀನಿ!" ಒಳಗಿಂದ ಅತ್ತೆ ಬುರುಲ್ ಅಪಾ ಕೂಗಿದಳು. "ಬೇಸಗೇಲಿ ಮುಚ್ಕೊಂಡು ಬೇಯಿಸ್ತೀಯ, ಚಳೀಲಿ ತೆರ್ಕೊಂಡು ಬೇಯಿಸ್ತೀಯ. ಇದನ್ನ ನಿಮ್ಮಮ್ಮ ಕಲಿಸಿದ್ದೋ, ಯೂನಿವರ್ಸಿಟೀಲಿ ಹೇಳ್ಕೊಟ್ಟಿದ್ದೋ?"

"ಮುಗೀತು ಅಪಾ, ಹಾಕ್ದೆ." ಅಮ್ಮನನ್ನೂ ಅತ್ತೆಯನ್ನೂ ಅಲ್ಲಿ ಅಪಾ ಎಂದೇ ಕರೆಯುವುದು.

ಹಿಂದಿನ ವರ್ಷ ಜ್ವರ ಬಂದುಹೋದಾಗಿನಿಂದ ಬುರುಲ್ ಅಪಾಗೆ ವಾಸನೆ ತಿಳಿಯುತ್ತಿರಲಿಲ್ಲ. ಐದು ಹೊತ್ತು ನಮಾಜು ಮಾಡುವ ಹೆಂಗಸು. ಬಟ್ಟಲಲ್ಲಿರುವುದು ಹಣ್ಣಿನ ಪಾಕ ಎಂದು ನಂಬಿದ್ದಳು. ಕಲೀಮಾ ಬೇರೇನೂ ಹೇಳಿರಲಿಲ್ಲ. ಗಂಡ ಎರ್ಮೆಕ್ ಬಾಡಿಗೆ ವ್ಯಾನಿನಲ್ಲಿ ಜನರನ್ನು ಕೂರಿಸಿಕೊಂಡು ಘಟ್ಟದಾಚೆಯ ನರಿನ್‌ಗೆ ಹೋದ ದಿನ ಮಾತ್ರ ಅವಳು ಈ ಕೇಕು ಮಾಡುತ್ತಿದ್ದಳು. ಅವನು ಬರುತ್ತಿದ್ದದ್ದು ಮರುದಿನ ಸಂಜೆ; ಅಷ್ಟರಲ್ಲಿ ವಾಸನೆ ಕಿಟಕಿಯಿಂದ ಹೊರಗೆ ಹೋಗಿರುತ್ತಿತ್ತು.

ಕೇಕನ್ನು ತಣ್ಣಗಾಗಲು ಬಾಲ್ಕನಿಯಲ್ಲಿಟ್ಟು, ಮದ್ಯದ ಜಾಡಿಯನ್ನು ಶಾಲಿನಡಿ ಮುಚ್ಚಿಕೊಂಡು, ಕೆಳಗಿನ ಮಹಡಿಯ ವಾಲ್ಯಾಳ ಮನೆಗೆ ಹೋದಳು. ಜಾಡಿ ಇರುತ್ತಿದ್ದದ್ದು ಅಲ್ಲೇ.

"ನೋಡ್ಕೋ, ಒಂದು ಹನೀನೂ ಮುಟ್ಟಿಲ್ಲ ಕಣೇ," ಎಂದಳು ವಾಲ್ಯಾ. "ಹಬ್ಬದ ದಿನ ಬಿಟ್ಟು."

"ನಿಂಗೆ ದಿನಾ ಹಬ್ಬಾನೇ."

"ಗಂಡ ಇಲ್ದೋಳಿಗೆ ಇನ್ನೇನಿದೆ? ಕೂತ್ಕೋ, ಕೇಕಿಗೆ ಡಬ್ಬಿ ಹುಡುಕ್ತೀನಿ."

ಎರಡು ಚಳಿಗಾಲಗಳ ಹಿಂದೆ ಬಿಷ್ಕೆಕ್‌ನ ವೈದ್ಯರೊಬ್ಬರು ಕುಡಿತ ಬಿಡಿಸಲೆಂದು ಎರ್ಮೆಕ್‌ನ ಭುಜದ ಚರ್ಮದಡಿ ಒಂದು ಗುಳಿಗೆ ಇಟ್ಟು ಹೊಲಿದಿದ್ದರು. ಇನ್ನು ಮದ್ಯದ ಒಂದು ಹನಿ ಒಳಗೆ ಹೋದರೂ ಹೃದಯ ನಿಲ್ಲುತ್ತದೆ ಎಂದಿದ್ದರು. ಅವನು ಹೊರಗೆ ಕೋಟು ಹಾಕಿಕೊಳ್ಳುತ್ತಿದ್ದಾಗ ಕಲೀಮಾಳಿಗೆ ಮಾತ್ರ ಕೇಳುವಂತೆ, "ಅದ್ರಲ್ಲಿ ಏನೂ ಇಲ್ಲಮ್ಮ, ಗ್ಲೂಕೋಸು," ಎಂದಿದ್ದರು. "ಕೆಲಸ ಮಾಡೋದು ಭಯ. ಅದನ್ನ ನೀವು ಕಾಪಾಡ್ಕೊಂಡು ಹೋಗಿ."

ಕಾಪಾಡಿಕೊಂಡು ಬಂದಿದ್ದಳು. ಕೆಮ್ಮಿನ ಔಷಧಿಯನ್ನು ಅವನ ಕಣ್ಣೆದುರೇ ಮೋರಿಗೆ ಸುರಿದಿದ್ದಳು. ಮದುವೆಗಳಲ್ಲಿ ಅವನ ಮುಂದಿನ ಲೋಟವನ್ನು ಬೋರಲು ಹಾಕುತ್ತಿದ್ದಳು. ಹುಳಿ ಬಂದು ತುಸು ಅಮಲೇರಿಸುವ ಕುದುರೆಹಾಲನ್ನೂ ಮುಟ್ಟಗೊಟ್ಟಿರಲಿಲ್ಲ. ಗುಳಿಗೆ ಇಡಿಸುವ ಮೊದಲು ಅವನು ಕುಡಿದು ಹಿಮದಲ್ಲಿ ಮಲಗಿ ಎಡಗಾಲಿನ ಎರಡು ಬೆರಳು ಕಳೆದುಕೊಂಡಿದ್ದ. ಮತ್ತೊಮ್ಮೆ ಹಾಗಾದರೆ ಅದು ಬೆರಳಿಗೆ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಡಬ್ಬಿ ಹಿಡಿದು ಮೇಲೆ ಬಂದಾಗ ಬಾಗಿಲ ಬಳಿ ಎರ್ಮೆಕ್‌ನ ಬೂಟುಗಳಿದ್ದವು. ಸುತ್ತ ಕರಗಿದ ಹಿಮದ ನೀರು.

"ಘಟ್ಟದ ದಾರಿ ಮುಚ್ಚಿದಾರಂತೆ, ಅರ್ಧಕ್ಕೇ ತಿರುಗಿ ಬಂದ," ಎಂದಳು ಬುರುಲ್ ಅಪಾ. ಅವಳ ಕೆನ್ನೆ ಕೆಂಪಾಗಿತ್ತು. "ಹಸ್ಕೊಂಡು ಬಂದೋನಿಗೆ ಬರೀ ಚಹ ಇಡೋಕಾಗುತ್ತಾ? ಬಾಲ್ಕನೀಲಿತ್ತಲ್ಲ, ಕುಯ್ದೆ. ಆ ಮುಖ್ಯಸ್ಥೆಗೆ ಇನ್ನೊಂದು ಮಾಡ್ಕೊಡು. ಊರೋರಿಗೆಲ್ಲ ಕೇಕು, ಮನೇಲಿರೋನಿಗೆ ಒಣರೊಟ್ಟಿ! ನಾನೂ ಎರಡು ತುಂಡು ತಿಂದೆ. ಕೈ ಚೆನ್ನಾಗಿದೆ ನಿಂದು, ಬಾಯೇ ಇಲ್ಲ ಅಷ್ಟೆ."

ಎರ್ಮೆಕ್‌ನ ತಟ್ಟೆಯಲ್ಲಿ ಅರ್ಧ ತುಂಡು ಉಳಿದಿತ್ತು. ಅವನು ಜಗಿಯುತ್ತಿರಲಿಲ್ಲ. ಬಾಯಲ್ಲಿದ್ದದ್ದನ್ನು ಬಾಯಲ್ಲೇ ಇಟ್ಟುಕೊಂಡು ಕಲೀಮಾಳನ್ನು ನೋಡುತ್ತಿದ್ದ. ಆಮೇಲೆ ನುಂಗಿದ.

"ಇದ್ರಲ್ಲಿ ಏನ್ ಹಾಕಿದೀಯ?"

ಹಣ್ಣಿನ ಪಾಕ ಎಂದರೆ ಅವನು ನಂಬುವುದಿಲ್ಲ. ಸುಮ್ಮನಿದ್ದರೆ, ಏನೂ ಆಗಲಿಲ್ಲವೆಂಬುದನ್ನು ಕೂತಲ್ಲೇ ಕಂಡುಕೊಳ್ಳುತ್ತಾನೆ. ಕಲೀಮಾ ಡಬ್ಬಿಯನ್ನು ಕೆಳಗೆ ಬಿಟ್ಟು ಚೀರಿದಳು.

"ಉಗಿ! ಉಗಿ ಎರ್ಮೆಕ್! ಮಲಕ್ಕೋ, ಅಲ್ಲಾಡ್ಬೇಡ!"

ಅವನ ಮುಖ ಬಿಳಿಚಿತು. ಸೋಫಾದ ಮೇಲೆ ಮಲಗಿದ. ಅವಳು ಅಂಗಿಯ ಗುಂಡಿ ಬಿಚ್ಚಿದಳು, ಒದ್ದೆ ಬಟ್ಟೆ ತಂದು ಎದೆಯ ಮೇಲೆ ಹಾಕಿದಳು. ಅವನ ಅಂಗೈ ಬೆವರಿ ತಣ್ಣಗಾಗಿತ್ತು.

"ಏನಾಯ್ತೇ? ನಾನೇನ್ ಮಾಡ್ದೆ?"

"ಅದ್ರಲ್ಲಿ ಮದ್ಯ ಇತ್ತು ಅಪಾ."

ಮುದುಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಈ ಬಾಯಲ್ಲಿ ಆ ದೇವರನ್ನ ಹೆಂಗೆ ಕರೀಲೇ?" ಎನ್ನುತ್ತ ನಲ್ಲಿಯ ಕಡೆಗೆ ಓಡಿದಳು. ಬಾಯಿ ಮುಕ್ಕಳಿಸುವ ಸದ್ದು, ಅಳುವ ಸದ್ದು, ಮತ್ತೆ ಮುಕ್ಕಳಿಸುವ ಸದ್ದು. ಆಮೇಲೆ ಪ್ರಾರ್ಥನೆ ಶುರುವಾಯಿತು.

ಕಲೀಮಾ ಅವನ ಮಣಿಕಟ್ಟು ಹಿಡಿದು ಕೂತಳು. ನಾಡಿ ಮೊದಲು ಓಡುತ್ತಿತ್ತು. ಮೇಜಿನ ಮೇಲೆ ಚಹ ಆರುವಷ್ಟರಲ್ಲಿ ನಿಧಾನವಾಯಿತು. ನಿದ್ದೆಹೋದವರ ನಾಡಿಯ ಹಾಗೆ ಒಂದೇ ಸಮ.

"ಎಷ್ಟು ಜೋರಾಗಿ ಹೊಡ್ಕೊಳ್ತಿದೆ," ಎಂದಳು.

ಅವನು ಕೈ ಬಿಡಿಸಿಕೊಂಡು ಎದ್ದು ಕೂತ. ಬೆರಳಿಂದ ಭುಜದ ಹೊಲಿಗೆಯ ಗುರುತನ್ನು ಒತ್ತಿ ನೋಡಿಕೊಂಡ.

"ಎಷ್ಟು ಹಾಕಿದ್ದೆ?"

"ಒಂದು ಚಮಚ. ಇಡೀ ಕೇಕಿಗೆ ಒಂದೇ ಚಮಚ. ಅದಕ್ಕೇ ನೀನು ಉಳ್ಕೊಂಡೆ. ಇನ್ನೊಂದು ಚಮಚ ಇದ್ದಿದ್ರೆ…"

ಅವನು ಹಲ್ಲಿನ ಮೇಲೆ ನಾಲಿಗೆಯನ್ನು ಮೆಲ್ಲಗೆ ಆಡಿಸಿದ. ಹದಿನೇಳರ ಹರೆಯದಿಂದ ಕುಡಿದ ನಾಲಿಗೆ.

"ಒಂದು ಚಮಚ," ಎಂದ.

"ಹೂಂ."

"ಸರಿ. ಸ್ವಲ್ಪ ಗಾಳಿಗೆ ಹೋಗ್ಬರ್ತೀನಿ."

"ನಾನೂ ಬರ್ತೀನಿ."

"ಬೇಡ ಕಲೀಮಾ. ಅಪಾ ಹತ್ರ ಇರು, ಹೆದ್ರಿದಾಳೆ." ಅವನ ದನಿ ಮೆದುವಾಗಿತ್ತು. ಬೈದಿದ್ದರೆ ಅವಳಿಗೆ ಇಷ್ಟು ಅಂಜಿಕೆಯಾಗುತ್ತಿರಲಿಲ್ಲ.

ಅವಳು ಬಾಲ್ಕನಿಗೆ ಬಂದು ನಿಂತಳು. ಎದುರಿನ ಮದ್ಯದಂಗಡಿಯ ದೀಪ ಆಗಲೇ ಹೊತ್ತಿತ್ತು. ಎರ್ಮೆಕ್ ಟೋಪಿಯಿಲ್ಲದೆ ಹೊರಗೆ ಬಂದ. ರಸ್ತೆಯಲ್ಲಿ ಯಾರದೋ ಹಳೆಯ ಕಾರು ಹಿಮದಲ್ಲಿ ಸಿಕ್ಕಿಕೊಂಡು ಗಾಲಿ ಸುಮ್ಮನೆ ತಿರುಗುತ್ತಿತ್ತು. ಅವನು ಹೋಗಿ ಹಿಂದಿನಿಂದ ಹೆಗಲು ಕೊಟ್ಟು ನೂಕಿದ. ಕಾರು ಒಮ್ಮೆ ಜಾರಿ, ಇನ್ನೊಮ್ಮೆ ಜಾರಿ, ಎದ್ದು ಹೊರಟಿತು. ಒಳಗಿನವನು ಕೈಬೀಸಿದ.

ಕಾರು ಹೋದ ಮೇಲೂ ಎರ್ಮೆಕ್ ಅಂಗಡಿಯ ದೀಪವನ್ನು ನೋಡುತ್ತ ಗಾಲಿಗುರುತುಗಳ ನಡುವೆ ನಿಂತೇ ಇದ್ದ. ಅಂಗೈಗೆ ಮೆತ್ತಿದ್ದ ಹಿಮವನ್ನು ಕೋಟಿಗೆ ಒರೆಸಿಕೊಂಡ. ಒರೆಸಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ.