ಎಂಜಿನ್ ಗೂಡಿನ ಬಣ್ಣ

ಕೆರಿನ್ ಕೀಲಿ ತಿರುಗಿಸಿದಳು. ಎಂಜಿನ್ ನರಳಿತು, ಹೊತ್ತಿಕೊಳ್ಳಲಿಲ್ಲ.

"ಚಳಿಗೆ ಬ್ಯಾಟರಿ ಮುದುರಿದೆ ಅಷ್ಟೆ," ಎಂದ ಅಪ್ಪನ ಕ್ಲಬ್ಬಿನ ಗೆಳೆಯ ಮರ್ವ್. "ನಿಮ್ಮಪ್ಪನಿಗೆ ಹೋಗೋಕೆ ಮನಸ್ಸಿಲ್ಲ ಅನ್ಸುತ್ತೆ. ಇನ್ನೊಂದ್ಸಲ ತಿರುಗಿಸು, ಮಗಳೇ."

ಬ್ಯಾಲರಟ್ ಊರಿನ ಚರ್ಚಿನ ಅಂಗಳದಲ್ಲಿ ಕಾರ್ ಕ್ಲಬ್ಬಿನವರು ಕಪ್ಪು ಕೋಟು ತೊಟ್ಟು ನಿಂತಿದ್ದರು. ಸದಸ್ಯನೊಬ್ಬ ತೀರಿಕೊಂಡರೆ, ಬಿಡಿಭಾಗ ತರಿಸಿ ಅವನು ಕೈಯಾರೆ ಜೋಡಿಸಿದ ಕಾರು ಶವದ ಗಾಡಿಯ ಮುಂದೆ ಹೋಗಬೇಕು, ಮನೆಯವರೇ ಓಡಿಸಬೇಕು; ಅದು ಕ್ಲಬ್ಬಿನ ರೂಢಿ. ಟ್ರೇಲರಿನಿಂದ ಇಳಿಸಿದ ಕೂಡಲೇ ಎಲ್ಲರೂ ಬಾನೆಟ್ ಎತ್ತಿ ನೋಡಿದ್ದರು.

"ಎಷ್ಟು ಚೊಕ್ಕ! ಇದರೊಳಗೆ ಊಟ ಬಡಿಸ್ಕೊಂಡು ತಿನ್ಬಹುದು ಕಣೋ."

"ಸತ್ತ ಮೇಲೂ ನಮ್ಮ ಹೊಟ್ಟೆ ಉರಿಸ್ತಾನೆ ಬಡ್ಡಿಮಗ ಕ್ಲೈವ್!"

ಕ್ಲೈವ್‌ನ ಹೆಂಡತಿ ನೊಲೀನ್ ನಗಲಿಲ್ಲ. ಮಗಳು ಕೀಲಿ ತಿರುಗಿಸಿದಾಗ ಸುಟ್ಟ ವಾಸನೆಯೊಂದು ಅವಳ ಮೂಗಿಗೆ ಬಡಿದಿತ್ತು. ಅಥವಾ ಬಡಿದಂತಾಗಿತ್ತು.

*

ಮದುವೆಯಾದ ಹೊಸದರಲ್ಲಿ ಕಟ್ಟಿದ ಮೊದಲ ಕಾರಿನಲ್ಲೂ ಇದೇ ವಾಸನೆ. "ಕಾರಿನ ಫೈಬರ್ ಮೈಯಲ್ಲಿ ಕರೆಂಟು ಹರಿಯಲ್ಲ, ನೊಲ್," ಎಂದಿದ್ದ ಕ್ಲೈವ್. "ಎಂಜಿನ್ನಿಂದ ಚೌಕಟ್ಟಿಗೆ ಈ ತಾಮ್ರದ ಪಟ್ಟಿ ಬಿಗೀಬೇಕು. ಅದು ಕೂರೋ ಜಾಗಕ್ಕೆ ಬಣ್ಣ ಬಳಿದ್ಯೋ, ಕೆಟ್ಟೆ. ಬಣ್ಣ ತಡೆದ ಕರೆಂಟು ಸಿಕ್ಕಿದ ದಾರೀಲಿ ನುಗ್ಗುತ್ತೆ." ಕೆಂಪಗೆ ಕಾದ ಆಕ್ಸಿಲರೇಟರ್ ತಂತಿ ತೋರಿಸಿ ನಕ್ಕಿದ್ದ. ಅದರ ಪಕ್ಕದಲ್ಲೇ ಪೆಟ್ರೋಲ್ ಕೊಳವೆ.

ಹೋದ ವರ್ಷ, ಈ ಕಾರಿನ ಹಳೆಯ ಎಂಜಿನ್ ಗೂಡನ್ನೆಲ್ಲ ಬಿಚ್ಚಿ ಹೊಸದಾಗಿಸುತ್ತಿದ್ದಾಗ, ಅದೇ ಕ್ಲೈವ್ ಅಂಥದೇ ಪಟ್ಟಿಯನ್ನು ಸತ್ತ ಹಾವಿನಂತೆ ಹಿಡಿದು ನಿಂತಿದ್ದ. "ಇದು ಎಲ್ಲಿದು?" ಆಮೇಲೆ ಅವಳತ್ತ ತಿರುಗಿ, "ನೀವ್ಯಾರು?"

ತಿಳಿವು ಮರಳಿದಾಗ ಕೈ ಹಿಡಿದು ಬೇಡಿಕೊಂಡ. "ಕ್ಲಬ್ಬಿನವರಿಗೆ ಹೇಳ್ಬೇಡ. ಕೆರಿನ್‌ಗೂ ಬೇಡ."

ಕ್ಲಬ್ಬಿನವರದೋ ಮಗಳದೋ ಫೋನ್ ಬಂದಾಗಲೆಲ್ಲ ಅವಳು ನಗುತ್ತಿದ್ದಳು: "ಬಾನೆಟ್ ಒಳಗೆ ತಲೆ ಹಾಕ್ಕೊಂಡಿದ್ದಾನೆ, ಕರೆದ್ರೆ ಬೈತಾನೆ."

*

"ಇಳಿ ಕೆರಿನ್."

"ಅಮ್ಮ, ಎಲ್ರೂ ಕಾಯ್ತಿದಾರೆ."

ಮಗಳ ಬೆರಳು ಮತ್ತೆ ಕೀಲಿಯ ಮೇಲಿತ್ತು. ಬೆಂಕಿ ಹೊತ್ತಿಕೊಂಡರೆ ಫೈಬರ್ ಮೈ ಕಾಗದದಂತೆ ಉರಿಯುತ್ತದೆ. ನೊಲೀನ್ ಬಾಗಿ ಕೀಲಿಯನ್ನು ಕಿತ್ತುಕೊಂಡಳು.

"ಆ ತಾಮ್ರದ ಪಟ್ಟಿ ಕೆಳಗೆ ಬಣ್ಣ ಇದೆಯೇನೋ. ನಂಗೆ ಭಯ ಆಗ್ತಿದೆ."

ಮರ್ವ್ ನಕ್ಕ. "ಕ್ಲೈವ್ ಅಂಥ ತಪ್ಪು ಮಾಡ್ತಾನಾ? ನಮಗೆಲ್ಲ ಕಲಿಸಿದ್ದೇ ಅವನಲ್ವಾ ತಾಯಿ!"

ಶವಪೆಟ್ಟಿಗೆ ಹತ್ತಿರದಲ್ಲೇ ಇತ್ತು. ಅಲ್ಲಿಗೆ ಕೇಳಿಸೀತೆಂಬಂತೆ ನೊಲೀನ್ ದನಿ ತಗ್ಗಿಸಿದಳು.

"ಕೊನೇ ವರ್ಷ ಅವನಿಗೆ ನಾನ್ಯಾರು ಅಂತ್ಲೇ ಗೊತ್ತಾಗ್ತಿರ್ಲಿಲ್ಲ, ಮರ್ವ್."

ಮರ್ವ್ ಟೋಪಿ ತೆಗೆದು ಸೀಟಿನ ಮೇಲಿಟ್ಟ. ಬಾನೆಟ್ ಎತ್ತಿ, ಪಟ್ಟಿ ಬಿಚ್ಚಿ, ಜೇಬಿನ ಚಾಕುವಿನಿಂದ ಚೌಕಟ್ಟನ್ನು ಕೆರೆಯತೊಡಗಿದ. ಹೊಳೆಯುವ ಕಪ್ಪಿನ ಕೆಳಗೆ ಪ್ರೈಮರ್ ಅಡಿಲೇಪದ ಬೂದು ಬಣ್ಣ ಬಂತು. ಬೂದಿನ ಕೆಳಗೆ ಕಪ್ಪು. ಮತ್ತೆ ಬೂದು. ಮತ್ತೆ ಅದೇ ಹೊಳೆಯುವ ಕಪ್ಪು, ಬಳಿದದ್ದು ಮರೆತು ಮತ್ತೆ ಮತ್ತೆ ಬಳಿದಂತೆ. ಕೆರಿನ್ ಬಾಯಿಗೆ ಕೈ ಅಡ್ಡ ಹಿಡಿದಳು. ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಮರ್ವ್‌ನ ಬೂಟಿನ ಮೇಲೆ ಉದುರುತ್ತಿತ್ತು. ಚಾಕುವಿಗೆ ಕಬ್ಬಿಣ ಇನ್ನೂ ಸಿಕ್ಕಿರಲಿಲ್ಲ.